ಸಂತಾಪ ಸೂಚನೆಯ ನಂತರದ ಕೆಲಸ: ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

2025ರ ಜನವರಿ 5ರಂದು ಕಾದಂಬರಿಕಾರ ನಾ. ಡಿಸೋಜ ಅವರು ತೀರಿಕೊಂಡರು. ಅಲ್ಲಿಂದ ವರ್ಷ ಮುಗಿಯುವುದರೊಳಗೆ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ, ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ಎಂ.ಆರ್. ಶ್ರೀನಿವಾಸನ್, ಕವಿ ಎಚ್.ಎಸ್. ವೆಂಕಟೇಶಮೂರ್ತಿ, ನಟಿ ಬಿ. ಸರೋಜಾದೇವಿ, ಕಾದಂಬರಿಕಾರ ಎಸ್.ಎಲ್. ಭೈರಪ್ಪ, ಕಥೆಗಾರ ಮೊಗಳ್ಳಿ ಗಣೇಶ್, ಸಾಲುಮರದ ತಿಮ್ಮಕ್ಕ ಇವರೆಲ್ಲ ಒಬ್ಬರ ಹಿಂದೊಬ್ಬರು ನಮ್ಮನ್ನು ಅಗಲಿದರು. ಅಗಲಿದ ಗಣ್ಯರಿಗೆ ಸರ್ಕಾರಿ ಗೌರವ ಸಲ್ಲಿಸುವುದರಲ್ಲಾಗಲಿ, ಸದನದಲ್ಲಿ ಎದ್ದುನಿಂತು ಸಂತಾಪ ಸೂಚಿಸುವುದರಲ್ಲಾಗಲಿ ನಮ್ಮ ರಾಜ್ಯ ಹಿಂದೆ ಬಿದ್ದಿಲ್ಲ. ನಾನು ಬರೆಯುತ್ತಿರುವುದು ಅದಾದ ಮೇಲೆ ಆಗಬೇಕಾದ ಕೆಲಸದ ಬಗ್ಗೆ.

ಸುಕ್ರಜ್ಜಿಯವರನ್ನೇ ನೋಡಿ. ಅಂಕೋಲಾ ತಾಲ್ಲೂಕಿನ ಬಡಿಗೇರಿಯ ಈ ಹಾಲಕ್ಕಿ ಒಕ್ಕಲಿಗ ಮಹಿಳೆ ಅಕ್ಷರ ಕಲಿತವರಲ್ಲ. ಹಿರಿಯರಿಂದ ಕೇಳಿ ಕಲಿತ ಸಾವಿರಾರು ಹಾಡುಗಳಿಗೆ ಅವರ ನೆನಪೇ ಪುಸ್ತಕವಾಗಿತ್ತು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2025ರ ಫೆಬ್ರುವರಿ 13ರಂದು ಅವರು ತೀರಿಕೊಂಡರು. ಅದೇ ತಾಲ್ಲೂಕಿನ, ಅದೇ ಸಮುದಾಯದ, ಕಾಡಿನ ಗಿಡಮರಗಳ ಬಗ್ಗೆ ಅಪಾರವಾಗಿ ಬಲ್ಲವರಾಗಿದ್ದ ತುಳಸಿ ಗೌಡ ಅವರು ಎರಡು ತಿಂಗಳ ಹಿಂದಷ್ಟೇ ಹೋಗಿದ್ದರು. ಬರೆಯುವವರು ಹೋದರೆ ಪುಸ್ತಕವಾದರೂ ಉಳಿಯುತ್ತದೆ, ಆದರೆ ಹಾಡುವವರು ಹೋದಾಗ ಧ್ವನಿಮುದ್ರಣವಾಗಿ ಬರಹಕ್ಕಿಳಿದಷ್ಟು ಮಾತ್ರ ಉಳಿದು, ಮಿಕ್ಕಿದ್ದು ಅವರೊಂದಿಗೇ ಹೋಗುತ್ತದೆ ಎಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ.

ತಿಮ್ಮಕ್ಕನವರು ಬಿಟ್ಟುಹೋದದ್ದು ಇನ್ನೂ ಜೀವಂತವಾಗಿದೆ. ಹುಲಿಕಲ್ ಮತ್ತು ಕುದೂರಿನ ನಡುವೆ ನಾಲ್ಕು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಅವರೂ ಅವರ ಪತಿ ಚಿಕ್ಕಯ್ಯನವರೂ ನೀರು ಹೊತ್ತು ಬೆಳೆಸಿದ ಆಲದ ಮರಗಳು ಇಂದಿಗೂ ನೆರಳು ಕೊಡುತ್ತಿವೆ. ಆದರೆ 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆಯ ವಿಸ್ತರಣೆಯಿಂದ ಇವೇ ಮರಗಳಿಗೆ ಕುತ್ತು ಬಂದಾಗ, ನೂರು ದಾಟಿದ ಆ ತಾಯಿಯೇ ಮುಖ್ಯಮಂತ್ರಿಗಳಲ್ಲಿ ಮೊರೆಯಿಡಬೇಕಾಯಿತು ಎಂಬುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಇನ್ನು ಮುಂದೆ ಹಾಗೆ ಕೇಳಲು ಅವರಿಲ್ಲ. ಆದ್ದರಿಂದ ಅರಣ್ಯ ಮತ್ತು ಲೋಕೋಪಯೋಗಿ ಇಲಾಖೆಗಳೊಂದಿಗೆ ತಾವೇ ಮಾತನಾಡಿ, ಒಂದೊಂದು ಮರಕ್ಕೂ ಸಂಖ್ಯೆ ಹಾಕಿಸಿ, ಆ ಸಾಲನ್ನು ಯಾವ ಯೋಜನೆಗೂ ಮುಟ್ಟಕೂಡದೆಂದು ಲಿಖಿತ ಆದೇಶ ಹೊರಡಿಸಬೇಕು.

ಸಾಹಿತಿಗಳ ವಿಷಯದಲ್ಲಿ ಅಚ್ಚಾದ ಪುಸ್ತಕಗಳ ಬಗ್ಗೆ ನನಗೆ ಅಷ್ಟು ಆತಂಕವಿಲ್ಲ. ಹಸ್ತಪ್ರತಿ, ಪತ್ರ, ದಿನಚರಿ, ಟಿಪ್ಪಣಿಗಳ ಬಗ್ಗೆ ಇದೆ. ಶರಾವತಿ ಯೋಜನೆಯಲ್ಲಿ ನೌಕರಿ ಮಾಡುತ್ತ ಮುಳುಗಡೆಯ ಸಂಕಟವನ್ನು ಹತ್ತಿರದಿಂದ ಕಂಡು ಬರೆದ ಡಿಸೋಜರಂಥವರ ಕಾಗದಪತ್ರಗಳು ಸಾಹಿತ್ಯಕ್ಕೆ ಮಾತ್ರವಲ್ಲ, ಮಲೆನಾಡಿನ ಇತಿಹಾಸಕ್ಕೂ ಆಧಾರ. ಸಾವಿನ ಮನೆಯಲ್ಲಿ ಇದನ್ನು ಕೇಳುವುದು ಸುಲಭವಲ್ಲ, ನಿಜ. ಆದರೂ ಕೆಲವು ತಿಂಗಳು ಕಳೆದ ಮೇಲೆ ಇಲಾಖೆಯ ಪರವಾಗಿ ಬಲ್ಲವರೊಬ್ಬರು ಹೋಗಿ, ಮನೆಯವರು ಒಪ್ಪಿದರೆ ಪಟ್ಟಿ ಮಾಡಿ, ಪ್ರತಿ ತೆಗೆದು, ಮೂಲವನ್ನು ಅವರಿಗೇ ಮರಳಿಸಬಹುದು. 1955ರಲ್ಲಿ ಕನ್ನಡದಿಂದಲೇ ಚಿತ್ರರಂಗ ಪ್ರವೇಶಿಸಿದ ಸರೋಜಾದೇವಿಯವರ ಕಾಲದ ಚಿತ್ರಗಳ ಸುರುಳಿಗಳಿಗೂ ಇಂಥದೇ ಗಮನ ಬೇಕು, ಏಕೆಂದರೆ ಸೆಕೆ ಮತ್ತು ತೇವದಲ್ಲಿ ಹಳೆಯ ಫಿಲ್ಮು ತಾನಾಗಿಯೇ ಕೊಳೆಯುತ್ತದೆ.

ಇವೆಲ್ಲಕ್ಕಿಂತ ತುರ್ತಿನ ಕೋರಿಕೆ ಬದುಕಿರುವವರ ಕುರಿತಾದದ್ದು. ತಮ್ಮ ಇಲಾಖೆ ಮಾಸಾಶನ ನೀಡುತ್ತಿರುವ ಹಿರಿಯ ಕಲಾವಿದರ ಹೆಸರು, ಊರು, ಕಲಾಪ್ರಕಾರಗಳ ಪಟ್ಟಿ ತಮ್ಮ ಕಚೇರಿಯಲ್ಲೇ ಇದೆ. ಆ ಪಟ್ಟಿಯಲ್ಲಿ ಎಂಬತ್ತು ದಾಟಿದವರಿಂದ ಆರಂಭಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಮತ್ತು ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಗಳನ್ನು ಅವರವರ ಮನೆಬಾಗಿಲಿಗೆ ಕಳುಹಿಸಿ, ಹಾಡು, ಕಥೆ, ಪಟ್ಟು, ಮಟ್ಟುಗಳನ್ನು ಅವರ ದನಿಯಲ್ಲೇ ದಾಖಲಿಸುವ ಕಾರ್ಯಕ್ಕೆ ಮುಂದಿನ ಬಜೆಟ್ಟಿನಲ್ಲಿ ಪ್ರತ್ಯೇಕ ಹಣವಿಡಬೇಕೆಂದು ಕೇಳಿಕೊಳ್ಳುತ್ತೇನೆ. ಹಾಗೆ ದಾಖಲಾದದ್ದು ಕಪಾಟಿನಲ್ಲಿ ಕೂರದೆ, ಮೊದಲು ಆ ಕಲಾವಿದರ ಊರಿನ ಶಾಲೆಗೆ ತಲುಪಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕನ್ನಡ ಓದುಗ