ನಾಲ್ಕು ಗಂಟೆಯ ಲೋಟ

ಪುಟ್ಟಿ,

ಸೋಮವಾರ ನನ್ನನ್ನು ಎಬ್ಬಿಸದೆ ಮೊದಲನೇ ಬಸ್ಸಿಗೆ ಹೊರಟುಬಿಟ್ಟೆ. ಕಾಫಿ ಕೂಡ ಬೇಡ ಅಂದೆಯಂತೆ, ಅಮ್ಮ ಹೇಳಿದಳು. ಅವತ್ತು ಅಂಗಡಿಯಲ್ಲಿ ಕಾಫಿ ಬೀಜ ಹುರಿಯೋ ಮಿಷನ್ ಹಚ್ಚಲು ಕೈಯೇ ಬರಲಿಲ್ಲ.

ಲೋಟ ಇಟ್ಟರೆ ಕಾಫಿಯಲ್ಲಿರುವ ಕೆಫೀನ್ ಎಷ್ಟು ಅಂತ ಲೆಕ್ಕ ಹೇಳುವ ನಿನ್ನ ಮಣೆಯನ್ನು ನೋಡಿ, ಹಿಂದಿನ ರಾತ್ರಿ ಚಿಕ್ಕಪ್ಪನ ಮುಂದೆ ನಾನು ಆಡಿದ ಮಾತನ್ನು ಮತ್ತೆ ಬರೆಯುವುದಿಲ್ಲ. ಉಂಡ ಮನೆಯ ಜಂತೆ ಎಣಿಸುವವಳು ನೀನಲ್ಲ. ತಪ್ಪು ನನ್ನದು. ಆದರೆ ಅದಕ್ಕೆ ನೀನು ಕೊಟ್ಟ ಉತ್ತರ ಇನ್ನೂ ಕಿವಿಯಲ್ಲಿದೆ. "ಅಪ್ಪಾ, ಇದನ್ನು ಮಾಡಿದ್ದು ನಿಮ್ಮ ಗಿರಾಕಿಗಳಿಗಲ್ಲ, ನನಗೆ. ಕುಡಿಯದಿದ್ದರೆ ತಲೆ ಸಿಡಿಯುತ್ತೆ."

ನಿನಗೆ ಕಾಫಿ ಹಿಡಿಸಿದ್ದು ನಾನೇ ಅಲ್ವಾ? ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮಾರ್ಚ್ ತಿಂಗಳು. ಬರೀ ಹಾಲು ಕೊಡಿ ಅಂದಳು ಅಮ್ಮ. ನಾನು ಕೇಳಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಫಿಲ್ಟರಿನ ಮೊದಲನೇ ಡಿಕಾಕ್ಷನ್ನನ್ನೇ ನಿನ್ನ ಲೋಟಕ್ಕೆ ಬಗ್ಗಿಸುತ್ತಿದ್ದೆ. ಮೊದಲ ದಿನ ನೀನು ಮುಖ ಹಿಂಡಿದೆ. ನಾನು ಇನ್ನೊಂದು ಚಮಚ ಸಕ್ಕರೆ ಹಾಕಿದೆ. ಲೋಟ ಸುಡುತ್ತದೆ ಅಂತ ನೀನು ಸ್ವೆಟರಿನ ತೋಳನ್ನು ಅಂಗೈವರೆಗೆ ಎಳೆದುಕೊಂಡು ಹಿಡಿದಿದ್ದೆ. ಹಬೆಗೆ ಕನ್ನಡಕ ಮಬ್ಬಾಗಿತ್ತು. ಎರಡನೇ ವಾರ ನೀನೇ ಬಂದು "ಅಪ್ಪಾ, ಕಾಫಿ" ಅಂದೆ. ನನಗೆ ಎಷ್ಟು ಖುಷಿಯಾಗಿತ್ತು ಗೊತ್ತಾ?

ಈಗ ಆ ಮಣೆಯ ವಿಷಯ. ನೀನು ಅದಕ್ಕೆ ಬೇರೆ ಹೆಸರಿಟ್ಟಿದ್ದೀಯ, ನನಗೆ ಅದು ಮಣೆಯೇ. ಒಳಗಿನ ಲೋಡ್ ಸೆಲ್, ಅಂದರೆ ತೂಕ ಅಳೆಯುವ ಭಾಗ, ಸರಿಯಾಗಿದೆಯಾ ನೋಡಲು ಅಜ್ಜನ ಕಾಲದ 200 ಗ್ರಾಂ ಹಿತ್ತಾಳೆ ಕಲ್ಲು ಇಟ್ಟೆಯಲ್ಲ, ಆಗ ನಾನು ಬಾಗಿಲ ಹತ್ತಿರ ನಿಂತಿದ್ದೆ. ಫೋನಿನಲ್ಲಿ ಅಂಕಿ ಕುಣಿದು ಕುಣಿದು 200ಕ್ಕೆ ನಿಂತಿತು. ಬಿಸಿ ಲೋಟ ಇಟ್ಟರೆ ತೂಕ ಜಾರುತ್ತದೆ ಅಂತ ನೀನು ಕೆಳಗೆ ಕಾರ್ಕ್ ಹಾಕಿದೆ. ನಾನು ಭೇಷ್ ಅನ್ನಬೇಕಿತ್ತು. ಅನ್ನಲಿಲ್ಲ.

ಒಂದು ಕೊರತೆ ಇದೆ, ಬೇಜಾರಾಗಬೇಡ. ನಿನ್ನ ಆ್ಯಪ್ ಲೋಟದ ತೂಕ ನೋಡಿ ಕೆಫೀನ್ ಲೆಕ್ಕ ಹಾಕುತ್ತದೆ. ಲೋಟದಲ್ಲಿ ಜಾಸ್ತಿ ಇರುವುದು ಹಾಲು. ಮೊದಲು ಡಿಕಾಕ್ಷನ್ ಹಾಕಿ ಮಣೆಯ ಮೇಲಿಡು, ಆಮೇಲೆ ಹಾಲು. ಎರಡು ಸಲ ತೂಗಲಿ. ಎರಡನೇ ಡಿಕಾಕ್ಷನ್ ಆದರೆ ಅದನ್ನೂ ಕೇಳಲಿ. ಪುಡಿ ಯಾವುದು ಅಂತಲೂ ಕೇಳಲಿ. ರೋಬಸ್ಟಾ ಬೀಜದಲ್ಲಿ ಅರಾಬಿಕಾ ಬೀಜದ ಸುಮಾರು ಎರಡರಷ್ಟು ಕೆಫೀನ್. ಪುಡಿಗೆ ಬೆರೆಸುವ ಚಿಕೋರಿ ಬೇರಿನಲ್ಲಿ ಇಲ್ಲವೇ ಇಲ್ಲ. ದಿನಕ್ಕೆ 400 ಮಿಲಿಗ್ರಾಂ ದಾಟಿದರೆ ಕೆಂಪು ದೀಪ ಅಂದೆ ನೀನು. ಆದರೆ ಕುಡಿದ ಕೆಫೀನ್ ಮೈಯಲ್ಲಿ ಅರ್ಧ ಇಳಿಯೋಕೇ ಸುಮಾರು 5 ಗಂಟೆ ಬೇಕು. ಹಾಗಾಗಿ ಸಂಜೆಯ ಲೋಟಕ್ಕೆ ಬೇರೆ ದೀಪ ಇರಲಿ. ಮತ್ತೆ, ಹಟಕ್ಕೆ ಬಿದ್ದು ಒಮ್ಮೆಗೇ ಬಿಡಬೇಡ. ಒಂದು ದಿನದೊಳಗೆ ತಲೆನೋವು ಶುರುವಾಗಿ, ಎರಡನೇ ದಿನ ಇನ್ನೂ ಜಾಸ್ತಿಯಾಗುತ್ತದೆ. ಅರ್ಧರ್ಧ ಲೋಟ ಇಳಿಸು. ಹನ್ನೊಂದಕ್ಕೆ ಮಲಗು. ರಾತ್ರಿಯಿಡೀ ಕೂತು ಬೆಸುಗೆ ಹಾಕಬೇಡ. ಊಟ ಬಿಡಬೇಡ. ಬುದ್ಧಿ ಹೇಳಬಾರದು ಅಂತಲೇ ಬರೆಯಲು ಕೂತೆ, ನೋಡು.

ಸೋಮವಾರ ಕಾಫಿ ಇಲ್ಲದೆ ಬಸ್ಸಿನಲ್ಲಿ ಕೂತೆಯಲ್ಲ, ದಾರಿಯಲ್ಲಿ ತಲೆನೋವು ಬಂತಾ? ನನ್ನ ಕಣ್ಣ ಮುಂದೆ ಬರುವುದು ಆ ಸ್ವೆಟರಿನ ತೋಳೇ. ಹದಿನೈದರ ಹುಡುಗಿಗೆ ನಿದ್ದೆ ಬಂದರೆ ಮಲಗಿಸಬೇಕಿತ್ತು. ಅಷ್ಟೂ ಹೊಳೆಯಲಿಲ್ಲ ನನಗೆ. ದಿನಾ ಪಾವು ಪಾವು ಪುಡಿ ಕಟ್ಟಿ ಕೊಡುವವನು, ಮನೆಯೊಳಗೆ ಅಳತೆ ಮರೆತೆ.

ನಾಳೆ ಬಸ್ಸಿಗೆ ಪೊಟ್ಟಣ ಹಾಕುತ್ತೇನೆ. ಬೀಜ ಬರೀ ಅರಾಬಿಕಾ, ನೂರಕ್ಕೆ 40 ಚಿಕೋರಿ. ಅಷ್ಟು ಚಿಕೋರಿ ನಾನು ಮನೆಗೆ ಬೆರೆಸಿದ್ದು ಇದೇ ಮೊದಲು. ಎಷ್ಟೆಷ್ಟು ಅಂತ ಚೀಟಿಯಲ್ಲಿ ಬರೆದಿದ್ದೇನೆ, ಆ್ಯಪಿಗೆ ಹಾಕಿಕೋ. ಅಜ್ಜನ ಕಲ್ಲು ನಿನ್ನ ಚೀಲದಲ್ಲೇ ಹೋಗಿದೆ. ಅದು ಅಲ್ಲೇ ಇರಲಿ.

ಅಪ್ಪ