ಮಗಳಿಗೊಂದು ಪತ್ರ: ‘ರನ್’ ಎಂಬ ಪದದ ಬೆನ್ನು ಹತ್ತಿ

ಗದಗ

ಚಿ. ಮಗಳಿಗೆ ನಿನ್ನ ಅವ್ವನ ಆಶೀರ್ವಾದಗಳು.

‘ರನ್’ ಎಂದರೆ ಓಡುವುದು ಎಂದಷ್ಟೇ ಕಲಿತು ಬೆಂಗಳೂರಿಗೆ ಹೋದ ನಿನಗೆ ಅಲ್ಲಿ ಮೂಗು, ಅಂಗಡಿ, ಕಂಪ್ಯೂಟರಿನ ಪ್ರೋಗ್ರಾಮು ಎಲ್ಲವೂ ‘ರನ್’ ಆಗುವುದನ್ನು ಕೇಳಿ ಗಾಬರಿಯಾಗಿದೆ, ಈ ಇಂಗ್ಲಿಷ್ ಭಾಷೆ ನಿನಗೆ ಒಲಿಯಲಿಕ್ಕಿಲ್ಲ ಎಂದು ಬರೆದಿದ್ದೀಯ. ಆ ಮಾತನ್ನು ನಾನು ಒಪ್ಪುವುದಿಲ್ಲ.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಅತಿ ಉದ್ದದ ವಿವರಣೆ ‘ಸೆಟ್’ ಎಂಬ ಪದಕ್ಕಿತ್ತು. ಮುಂದೆ ‘ರನ್’ ಅದನ್ನು ಹಿಂದೆ ಹಾಕಿತು. ಪೀಟರ್ ಗಿಲಿವರ್ ಎಂಬ ಸಂಪಾದಕರು ತಿಂಗಳುಗಟ್ಟಲೆ ಕುಳಿತು ಈ ಕ್ರಿಯಾಪದವೊಂದಕ್ಕೇ 645 ಅರ್ಥಗಳನ್ನು ವಿಂಗಡಿಸಿದರು. ಇಂಗ್ಲಿಷನ್ನೇ ಹಾಲಿನೊಡನೆ ಕುಡಿದು ಬೆಳೆದವರಿಗೆ ಇಷ್ಟು ಶ್ರಮ ಬೇಕಾಗಿರುವಾಗ ನೀನು ನಾಚಿಕೊಳ್ಳುವುದು ಏತಕ್ಕೆ? ಅವರಲ್ಲಿಯೂ ಯಾರೊಬ್ಬರೂ ಆ ಅರ್ಥಗಳನ್ನು ಬಾಯಿಪಾಠ ಮಾಡಿರುವುದಿಲ್ಲ.

ನಮ್ಮ ‘ಹೊಡೆ’ ಎಂಬ ಪದವನ್ನೇ ನೋಡು. ನಿನ್ನ ಅಜ್ಜ ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದರು, ಬಂಡಿ ಹೊಡೆಯುತ್ತಿದ್ದರು, ಹತ್ತಿಗೆ ಎಣ್ಣೆ ಹೊಡೆಯುತ್ತಿದ್ದರು, ಸಂಜೆ ಕಟ್ಟೆಯ ಮೇಲೆ ಕುಳಿತು ಹರಟೆಯನ್ನೂ ಹೊಡೆಯುತ್ತಿದ್ದರು. ಶಾಲೆಯಲ್ಲಿ ಗಂಟೆ ಹೊಡೆಯುತ್ತದೆ, ಗೋಡೆಗೆ ಮೊಳೆ ಹೊಡೆಯುತ್ತೇವೆ, ಮುಗ್ಗಿದ ಜೋಳ ವಾಸನೆ ಹೊಡೆಯುತ್ತದೆ. ಇವುಗಳಲ್ಲಿ ಒಂದನ್ನಾದರೂ ನಿನಗೆ ನಾನು ಅರ್ಥ ಬಿಡಿಸಿ ಕಲಿಸಲಿಲ್ಲ. ಕುಂಟೆ, ಗಂಟೆ, ಮೊಳೆ ಎಂಬ ಜೊತೆಯ ಪದಗಳೇ ‘ಹೊಡೆ’ಯ ಅರ್ಥವನ್ನು ನಿನಗೆ ಹೇಳಿಕೊಟ್ಟವು.

‘ರನ್’ ಎದುರಾದಾಗಲೂ ಹಾಗೆಯೇ ಅಕ್ಕಪಕ್ಕದ ಪದಗಳನ್ನು ಮೊದಲು ನೋಡು. ನೀರು ‘ರನ್’ ಆದರೆ ಹರಿಯುವುದು, ಸೀರೆಯ ಬಣ್ಣ ‘ರನ್’ ಆದರೆ ಬಿಡುವುದು, ಯಂತ್ರವಾದರೆ ನಡೆಯುವುದು, ಒಬ್ಬರು ಅಂಗಡಿಯನ್ನು ‘ರನ್’ ಮಾಡಿದರೆ ನಡೆಸುವುದು. ನಿಲ್ಲದೆ ಸಾಗುವ ಚಲನೆಯೊಂದು ಇವೆಲ್ಲವುಗಳಲ್ಲಿ ಕಾಣುತ್ತದೆ, ಯಂತ್ರಗಳು ಬಂದಂತೆ, ಆಮೇಲೆ ಕಂಪ್ಯೂಟರು ಬಂದಂತೆ ಇಂಗ್ಲಿಷ್ ಮಾತಾಡುವವರು ಹೊಸ ಪದ ಹುಡುಕದೆ ಈ ಹಳೆಯ ಪದವನ್ನೇ ಅವಕ್ಕೂ ಹಚ್ಚಿದರು. ಜೊತೆಗೆ ಬರುವ ಸಣ್ಣ ಪದಗಳನ್ನು ಮಾತ್ರ ಬಹಳ ಎಚ್ಚರದಿಂದ ಗಮನಿಸಬೇಕು. ಕ್ರಿಕೆಟಿನಲ್ಲಿ ‘ರನ್ ಔಟ್’ ಆದವನು ಆಟದಿಂದ ಹೊರಬೀಳುತ್ತಾನೆ. ಮನೆಯಲ್ಲಿ ಸಕ್ಕರೆ ‘ರನ್ ಔಟ್’ ಆಯಿತೆಂದರೆ ತೀರಿತೆಂದು ಅರ್ಥ. ಬ್ಯಾಂಕಿನ ಮೇಲೆ ‘ರನ್’ ಎಂದರೆ ಠೇವಣಿದಾರರೆಲ್ಲ ಭಯದಿಂದ ಒಮ್ಮೆಲೇ ಹಣ ತೆಗೆಯಲು ನುಗ್ಗುವುದು. ಇದನ್ನು ಮಾತ್ರ ಊಹಿಸಲು ಹೋಗದೆ ಹಾಗೆಯೇ ನೆನಪಿಡು.

ಜರ್ಮನಿಯಿಂದ ನಮ್ಮ ನಾಡಿಗೆ ಬಂದು ಕನ್ನಡ ಕಲಿತ ಕಿಟೆಲ್ಲರು 1894ರ ತಮ್ಮ ನಿಘಂಟಿನಲ್ಲಿ ಅರ್ಥಗಳ ಜೊತೆಗೆ ಗಾದೆಗಳನ್ನೂ ಕಾವ್ಯದ ಪ್ರಯೋಗಗಳನ್ನೂ ಕೊಟ್ಟಿದ್ದಾರೆ. ಪರಭಾಷೆಯನ್ನು ಅಷ್ಟು ಆಳವಾಗಿ ಕಲಿತವರ ಆ ಕ್ರಮದಲ್ಲಿ ನನಗೆ ಪೂರ್ಣ ವಿಶ್ವಾಸವಿದೆ. ಆದ್ದರಿಂದ ನೀನೂ ಒಂದು ವಹಿ ಇಟ್ಟುಕೊಂಡು, ತರಗತಿಯಲ್ಲಿ ಕೇಳಿದ ಇಡೀ ವಾಕ್ಯವನ್ನೇ ಅದರಲ್ಲಿ ಬರೆದುಕೊಳ್ಳುತ್ತ ಹೋಗು. ಬಿಡಿಸಲಾಗದ ವಾಕ್ಯಗಳನ್ನು ನನಗೂ ಬರೆದು ಕಳಿಸು, ಇಬ್ಬರೂ ಸೇರಿ ನೋಡೋಣ.

ಇಂತಿ ನಿನ್ನ
ಅವ್ವ