ಅಮ್ಮನಿಗೆ, ಡ್ರಮ್ ನೀರಿನ ವಿಷಯ

ಪ್ಲೇನೋ, ಟೆಕ್ಸಸ್
ಜುಲೈ 12

ಪ್ರೀತಿಯ ಅಮ್ಮ,

ನಿನಗೂ ಅಪ್ಪನಿಗೂ ನಮಸ್ಕಾರ. ಮೊನ್ನೆ ಫೋನಿನಲ್ಲಿ ನೀನು ತುಂಬ ಬೇಜಾರು ಮಾಡಿಕೊಂಡಿದ್ದೆ. ನಲ್ಲಿ ನೀರು ಬರೋದೇ ನಾಲ್ಕು ದಿನಕ್ಕೊಮ್ಮೆ, ಆಶಾ ಕಾರ್ಯಕರ್ತೆ ಬಂದು ಡೆಂಗಿ ಸೊಳ್ಳೆ ಆಗುತ್ತೆ ಅಂತ ಒಂದು ಡ್ರಮ್ ನೀರನ್ನು ಪೂರ್ತಿ ಚೆಲ್ಲಿಸಿಬಿಟ್ಟಳು ಅಂದೆ. ಆಗ ನಾನು ಸುಮ್ನೆ ಹೂಂ ಅಂದುಬಿಟ್ಟೆ. ಅದು ಮನಸ್ಸಿನಲ್ಲೇ ಕೊರೆಯುತ್ತಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಅರಸೀಕೆರೆಯಲ್ಲಿ ಬಿಂದಿಗೆ ಹೊತ್ತು ಬೆಳೆದವಳು ನಾನು. ಒಂದು ಡ್ರಮ್ ನೀರು ಅಂದರೆ ಏನು ಅಂತ ಗೊತ್ತು. ಆದರೂ ಆ ಹುಡುಗಿ ಮಾಡಿದ್ದು ಸರಿ ಅಮ್ಮ.

ಇಲ್ಲಿ ಈಗ ಸುಡುಬೇಸಿಗೆ. ನಮ್ಮ ಬಡಾವಣೆಯಲ್ಲಿ ಹಿಡಿದ ಸೊಳ್ಳೆಗಳಲ್ಲಿ ವೆಸ್ಟ್ ನೈಲ್ ವೈರಸ್ ಸಿಕ್ಕಿತು ಅಂತ ಕಳೆದ ವಾರ ರಾತ್ರಿ ಔಷಧಿ ಸಿಂಪಡಿಸುವ ಗಾಡಿ ಬಂದಿತ್ತು. ಈ ವೈರಸ್ ಹಕ್ಕಿಗಳಲ್ಲಿರುತ್ತದೆ. ಹಕ್ಕಿಯನ್ನು ಕಚ್ಚಿದ ಸೊಳ್ಳೆ ನಮ್ಮನ್ನೂ ಕಚ್ಚಿದರೆ ನಮಗೆ ಬರುತ್ತದೆ. ಹತ್ತರಲ್ಲಿ ಎಂಟು ಜನಕ್ಕೆ ಏನೂ ಗೊತ್ತಾಗಲ್ಲ. ಸುಮಾರು 150 ಜನರಲ್ಲಿ ಒಬ್ಬರಿಗೆ ಮಿದುಳಿಗೋ ನರಕ್ಕೋ ಹತ್ತುತ್ತದೆ, ವಯಸ್ಸಾದವರಿಗೆ ಅಪಾಯ ಜಾಸ್ತಿ. 2012ರಲ್ಲಿ ಡಲ್ಲಾಸ್ ಸುತ್ತಮುತ್ತ ಇದು ಹಬ್ಬಿದಾಗ ವಿಮಾನದಿಂದ ಔಷಧಿ ಸಿಂಪಡಿಸಿದ್ದರಂತೆ. ಜನರಿಗೆ ಇದಕ್ಕೆ ಲಸಿಕೆ ಇಲ್ಲ.

ಗಾಡಿ ಬಂದು ಹೋದ ಮೇಲೂ ಹಿತ್ತಲಲ್ಲಿ ಸೊಳ್ಳೆ ಕಮ್ಮಿಯಾಗಲಿಲ್ಲ. ಕುಂಡದ ತಟ್ಟೆ ನೋಡಿದೆ, ಮಗಳ ಆಟದ ಬಕೆಟ್ ನೋಡಿದೆ, ಎಲ್ಲ ಒಣಗಿತ್ತು. ಕೊನೆಗೆ ಸಿಕ್ಕಿದ್ದು ಸೂರಿನ ನೀರು ಹೊರಗೆ ಬಿಡಲು ನೆಲದ ಮೇಲೆ ಹಾಕಿದ್ದ ಕಪ್ಪು ಪೈಪಿನಲ್ಲಿ. ಅದು ನೆರಿಗೆ ನೆರಿಗೆಯಾಗಿರುತ್ತದೆ. ಒಂದೊಂದು ನೆರಿಗೆಯಲ್ಲೂ ಒಂದು ಚಮಚ ನೀರು, ಅದರೊಳಗೆ ಲಾರ್ವಾ ಮಿಜಿಮಿಜಿ ಅನ್ನುತ್ತಿತ್ತು. ಮಗಳು ದಿನಾ ಸಂಜೆ ಆಡುವುದು ಅದರ ಪಕ್ಕದಲ್ಲೇ. ನನ್ನ ಕೈಕಾಲು ತಣ್ಣಗಾಯಿತು ಅಮ್ಮ. ಗಾಡಿಯ ಔಷಧಿ ಹಾರಾಡುವ ಸೊಳ್ಳೆಯನ್ನು ಸಾಯಿಸುತ್ತದೆ, ಪೈಪಿನೊಳಗಿನ ಮರಿಗೆ ಏನೂ ಮಾಡಲ್ಲ. ಅವತ್ತೇ ಆ ಪೈಪ್ ಕಿತ್ತು ಹಾಕಿದೆ.

ಸಂಜೆ, ರಾತ್ರಿ ಕಚ್ಚುವ ಈ ವೆಸ್ಟ್ ನೈಲ್ ಸೊಳ್ಳೆ ನಮ್ಮೂರಿನ ಚರಂಡಿ ಸೊಳ್ಳೆಯ ಜಾತಿಯದೇ. ಡೆಂಗಿಯದು ಬೇರೆ. ಕಪ್ಪು ಮೈ, ಕಾಲಿಗೆ ಬಿಳಿ ಪಟ್ಟೆ. ಹಗಲು ಕಚ್ಚುತ್ತದೆ, ಬೆಳಿಗ್ಗೆ ಮತ್ತು ಹೊತ್ತು ಮುಳುಗುವ ಮುಂಚೆ ಜಾಸ್ತಿ. ‘ನಮ್ಮ ಡ್ರಮ್ ನೀರು ಕನ್ನಡಿ ಥರ ಇರುತ್ತೆ, ಅದರಲ್ಲಿ ಎಂಥ ಸೊಳ್ಳೆ’ ಅಂದೆಯಲ್ಲ, ಅದಕ್ಕೆ ಬೇಕಾಗಿರೋದು ಅಂಥ ತಿಳಿನೀರೇ.

ಆ ಸೊಳ್ಳೆ ಮೊಟ್ಟೆಯನ್ನು ನೀರಿನ ಅಂಚಿಗೆ, ಡ್ರಮ್ಮಿನ ಒಳಮೈಗೆ ಅಂಟಿಸುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಸಾಯಲ್ಲ, ಮತ್ತೆ ನೀರು ತಾಗಿದರೆ ಒಡೆಯುತ್ತದೆ. ಅಲ್ಲಿಂದ ಹಾರುವ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಹಾಗಾಗಿ ಬರೀ ಚೆಲ್ಲಿದರೆ ಆಗಲ್ಲ. ವಾರಕ್ಕೊಂದು ಸಲ, ನಲ್ಲಿ ಬರುವ ದಿನ, ತಳದಲ್ಲಿ ಉಳಿದ ನೀರನ್ನು ತೆಂಗಿನ ಬುಡಕ್ಕೆ ಹಾಕು. ಒಣ ಮಣ್ಣಿನಲ್ಲಿ ಮರಿ ಬದುಕಲ್ಲ. ಒಳಮೈಯನ್ನು ತೆಂಗಿನ ನಾರಿನಿಂದ ಚೆನ್ನಾಗಿ ಉಜ್ಜಿ ಆಮೇಲೆ ತುಂಬಿಸು. ಬಾಯಿಗೆ ಅಪ್ಪನ ಹಳೇ ಪಂಚೆ ಹೊದಿಸಿ ಹಗ್ಗದಿಂದ ಬಿಗಿಯಾಗಿ ಕಟ್ಟು. ತಟ್ಟೆ ಮುಚ್ಚಿದರೆ ಸಂದು ಉಳಿಯುತ್ತದೆ. ಹೀಗೆ ಮಾಡಿದರೆ ನಿನ್ನ ನೀರನ್ನು ಯಾರೂ ಚೆಲ್ಲಿಸಬೇಕಾಗಿಲ್ಲ.

ಬಾವಿಕಟ್ಟೆ ಹತ್ತಿರ ಅಜ್ಜಿಯ ಒರಳುಕಲ್ಲು ಇದೆಯಲ್ಲ, ಅದರ ಗುಳಿಯಲ್ಲಿ ಈಗ ಮಳೆನೀರು ನಿಂತಿರುತ್ತದೆ. ಮರಳು ತುಂಬಿಸಿಬಿಡು. ಎಳನೀರಿನ ಬುರುಡೆ, ಕರಟದ ರಾಶಿಯನ್ನು ಮಳೆ ತಾಗದ ಹಾಗೆ ಸೂರಿನ ಕೆಳಗೆ ಹಾಕಿಸು.

ಅಪ್ಪ ಮಧ್ಯಾಹ್ನ ಜಗಲಿಯಲ್ಲಿ ಬರಿಮೈಯಲ್ಲಿ ಮಲಗುತ್ತಾರೆ. ತುಂಬು ತೋಳಿನ ಅಂಗಿ ಹಾಕಿಕೊಳ್ಳಲಿ. ಅಣ್ಣನ ಮಗುವಿನ ತೊಟ್ಟಿಲಿಗೆ ಹಗಲಲ್ಲೂ ಪರದೆ ಕಟ್ಟಿ. ಯಾರಿಗಾದರೂ ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ. ಅಪ್ಪನ ಮಂಡಿನೋವಿನ ಮಾತ್ರೆ ಬೇಡವೇ ಬೇಡ, ಡೆಂಗಿ ಆಗಿದ್ದರೆ ರಕ್ತಸ್ರಾವ ಆಗುವ ಭಯ ಇದೆ. ಜ್ವರ ಬಿಟ್ಟಿತು ಅಂತ ನಿರಾಳ ಆಗಬೇಡ. ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಗಂಡಾಂತರ. ಹೊಟ್ಟೆನೋವು, ಪದೇ ಪದೇ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಪಪ್ಪಾಯ ಎಲೆ ರಸ ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಇದನ್ನು ಅಣ್ಣನಿಗೂ ಓದಿ ಹೇಳು.

ಆ ಹುಡುಗಿ ಮತ್ತೆ ಬಂದರೆ ಕೂರಿಸಿ ಒಂದು ಲೋಟ ಕಾಫಿ ಕೊಡು. ಬಿಸಿಲು ಮಳೆ ಅನ್ನದೆ ಮನೆಮನೆ ತಿರುಗುತ್ತಾಳೆ ಪಾಪ.

ನಾನು ಶನಿವಾರ ಸಂಜೆ ಹಿತ್ತಲು ಸುತ್ತಿ ಮುಗಿಸುವ ಹೊತ್ತಿಗೆ ನಿಮಗೆ ಭಾನುವಾರ ಬೆಳಗಾಗಿರುತ್ತದೆ. ಆಗ ವಿಡಿಯೋ ಕಾಲ್ ಮಾಡುತ್ತೇನೆ. ಫೋನ್ ಹಿಡಿದುಕೊಂಡು ಹಿತ್ತಲಿಗೆ ಬಾ, ಇಬ್ಬರೂ ಸೇರಿ ಒಂದೊಂದೇ ನೋಡೋಣ. ಒರಳುಕಲ್ಲಿನಿಂದ ಶುರು ಮಾಡೋಣ.

ನಿನ್ನ ಮಗಳು